ಹೆಸರು ಬೇಡ, ಲೆಕ್ಕ ಬರೀರಿ
(ಶಿಗ್ಗಾಂವದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮನ್ನು ಇಲ್ಲಿಗೆ ಕರೆದದ್ದು ಪತ್ರಿಕೆಗಳು ಮತ್ತು ದಲಿತರು ಎಂಬ ವಿಷಯದ ಮೇಲೆ ಮಾತಾಡಲಿಕ್ಕೆ. ಪೇಪರಿನವರನ್ನು ಅರ್ಧ ತಾಸು ಬೈದು, ಚಪ್ಪಾಳೆ ಹೊಡೆಸಿಕೊಂಡು ಇಳಿದು ಹೋಗಬಹುದು. ಅದು ಸಲೀಸು. ಬೈಯಲಿಕ್ಕೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಇವತ್ತು ಬೈಗುಳ ಕಡಿಮೆ, ಲೆಕ್ಕ ಜಾಸ್ತಿ. ಕವಿತೆ ಬರೆಯುವವರ ಬಾಯಲ್ಲಿ ಲೆಕ್ಕ ಎಲ್ಲಿಂದ ಬಂತು ಎಂದು ನಗಬೇಡಿ. ನಾವೂ ಬಿ.ಎ. ಮಾಡಿದವರೇ, ಗಣಿತ ಕಂಡರೆ ಓಡಿದವರೇ. ಓಡಿದ್ದು ತಪ್ಪಾಯಿತು ಅಂತ ಈಗ ಗೊತ್ತಾಗಿದೆ.

ಮೊದಲು ಇಲ್ಲೇ ಪಕ್ಕದ ಊರಿನ ಮಾತು. ಸವಣೂರು. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. 2010ರ ಜುಲೈ 20ರಂದು ಸವಣೂರಿನ ಪುರಸಭೆಯ ಮುಂದೆ ಭಂಗಿ ಸಮುದಾಯದ ಜನ ಮನುಷ್ಯರ ಮಲವನ್ನು ತಂದು ತಮ್ಮ ತಲೆ ಮೇಲೆ ತಾವೇ ಸುರುವಿಕೊಂಡರು. ದಶಕಗಳಿಂದ ಇದ್ದ ಜಾಗದಿಂದ ಅವರನ್ನು ಎಬ್ಬಿಸಲು ಹೊರಟಿದ್ದರು. ಊರಿನ ಹೊಲಸನ್ನು ತಲೆಮಾರುಗಳಿಂದ ಬಳಿದ ಕೈಗಳು ಅವು. ಕೇಳಿದರು, ಯಾರೂ ಕಿವಿಗೊಡಲಿಲ್ಲ. ಕೊನೆಗೆ ತಮ್ಮ ಮೈಯನ್ನೇ ಅರ್ಜಿ ಮಾಡಿಕೊಂಡರು.

ಅವತ್ತು ಪೇಪರಿನವರು ಬಂದರು. ಟಿ.ವಿ.ಯವರು ಬಂದರು. ರಾಜ್ಯದ ಪತ್ರಿಕೆಗಳಲ್ಲಿ ಬಂತು, ದೇಶದ ಪತ್ರಿಕೆಗಳಲ್ಲಿ ಬಂತು. ಫೋಟೋ ನೋಡಿ ಜನ ಅಯ್ಯೋ ಅಂದರು. ಇಂದಿಗೂ ಇಂಟರ್‌ನೆಟ್ಟಿನಲ್ಲಿ ಸವಣೂರು ಅಂತ ಹುಡುಕಿದರೆ ನವಾಬರ ಜೊತೆಗೆ ಆ ಸುದ್ದಿಯೂ ಸಿಗುತ್ತದೆ.

ಗೆಳೆಯರೇ, ನಾವು ಕೇಳುವ ಪ್ರಶ್ನೆ ಒಂದೇ. ಜುಲೈ 19ರಂದು ಅವರು ಎಲ್ಲಿದ್ದರು? ಅದೇ ಕೇರಿಯಲ್ಲಿದ್ದರು. ಅದೇ ಕೆಲಸ ಮಾಡುತ್ತಿದ್ದರು. ಅದರ ಹಿಂದಿನ ವರ್ಷ, ಹಿಂದಿನ ಹತ್ತು ವರ್ಷ, ಅಪ್ಪನ ಕಾಲದಲ್ಲಿ, ಅಜ್ಜನ ಕಾಲದಲ್ಲಿ? ಅಲ್ಲೇ ಇದ್ದರು. ಪುರಸಭೆಯೂ ಅಲ್ಲೇ ಇತ್ತು, ಪತ್ರಿಕೆಗಳೂ ಇದ್ದವು. ಇಷ್ಟು ವರ್ಷ ಅವರ ಬದುಕು ಸುದ್ದಿ ಆಗಲಿಲ್ಲ, ಹತ್ತು ನಿಮಿಷದ ಹೊಲಸು ಸುದ್ದಿ ಆಯಿತು. ಪತ್ರಿಕೆಗೆ ಘಟನೆ ಕಾಣುತ್ತದೆ, ಸ್ಥಿತಿ ಕಾಣುವುದಿಲ್ಲ. ಹೊಡೆದರೆ ಸುದ್ದಿ, ಸುಟ್ಟರೆ ಸುದ್ದಿ. ದಿನಾ ಹೊರಗೆ ನಿಲ್ಲಿಸಿದರೆ ಸುದ್ದಿಯಲ್ಲ. ನಮ್ಮ ಕೇರಿಗಳ ಬದುಕು ಬಹುಪಾಲು ಈ ಸುದ್ದಿಯಲ್ಲದ ಭಾಗದಲ್ಲೇ ಸವೆದುಹೋಗುತ್ತದೆ.

ಹೀಗ್ಯಾಕೆ? ಮೊದಲ ಉತ್ತರ ನಿಮಗೇ ಗೊತ್ತು. ಪತ್ರಿಕೆಯ ಒಳಗೆ ಕೂತವರು ಯಾರು ಅಂತ ನೋಡಬೇಕು. ಇದು ಬರೀ ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ, ಎಣಿಸಿದವರಿದ್ದಾರೆ.

1996ರಲ್ಲಿ ದೆಹಲಿಯ ಪತ್ರಕರ್ತ ಬಿ.ಎನ್. ಉನಿಯಾಲ್ ಅವರಿಗೆ ಒಬ್ಬ ವಿದೇಶಿ ಪತ್ರಕರ್ತರು ಕೇಳಿದರಂತೆ, ನಿಮಗೆ ಗೊತ್ತಿರುವ ಒಬ್ಬ ದಲಿತ ಪತ್ರಕರ್ತರ ಹೆಸರು ಹೇಳಿ ಅಂತ. ಉನಿಯಾಲ್ ತಡಕಾಡಿದರು. ಮೂವತ್ತು ವರ್ಷದ ಹತ್ತಿರ ಪತ್ರಿಕೆಯಲ್ಲಿ ಸವೆಸಿದವರಿಗೆ ಒಂದು ಹೆಸರೂ ನೆನಪಾಗಲಿಲ್ಲ. ಸುಮ್ಮನೆ ಕೂರಲಿಲ್ಲ ಅವರು. ಸರ್ಕಾರದ ಮಾನ್ಯತೆ ಪಡೆದ ವರದಿಗಾರರ ಪಟ್ಟಿ ತೆಗೆದರು. 686 ಹೆಸರು. ಅದರಲ್ಲಿ 454 ಹೆಸರುಗಳ ಹಿಂದೆ ಮೇಲ್ಜಾತಿಯ ಅಡ್ಡಹೆಸರು ಇದ್ದೇ ಇತ್ತು. ಉಳಿದ 232ರಲ್ಲಿ 47 ಮಂದಿಯನ್ನು ಆರಿಸಿ ಕೇಳಿದರು. ಒಬ್ಬರೂ ದಲಿತರಲ್ಲ. ಇಷ್ಟೇ ಅವರ ಸಂಶೋಧನೆ. ಒಂದು ಪಟ್ಟಿ, ಒಂದು ಫೋನು, ಒಂದು ಪೆನ್ಸಿಲ್ಲು. ಇದನ್ನು ನೀವೂ ಮಾಡಬಹುದಲ್ಲ?

ಹತ್ತು ವರ್ಷದ ನಂತರ, 2006ರಲ್ಲಿ, ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್, ಯೋಗೇಂದ್ರ ಯಾದವ್ ಮೂವರು ಸೇರಿ ದೆಹಲಿಯ 37 ಇಂಗ್ಲಿಷ್-ಹಿಂದಿ ಪತ್ರಿಕೆ ಮತ್ತು ವಾಹಿನಿಗಳಲ್ಲಿ ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತ 315 ಮಂದಿಯ ಲೆಕ್ಕ ತೆಗೆದರು. ನೂರಕ್ಕೆ 71 ಮಂದಿ ಮೇಲ್ಜಾತಿಯ ಹಿಂದೂ ಗಂಡಸರು. ದಲಿತರು, ಆದಿವಾಸಿಗಳು? ಸೊನ್ನೆ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಮತ್ತೆ ಎಣಿಸಿದವು. ಸುದ್ದಿಮನೆಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರವು. ದಲಿತ, ಆದಿವಾಸಿ ಮತ್ತೆ ಸೊನ್ನೆ. ಇಪ್ಪತ್ತಮೂರು ವರ್ಷದಲ್ಲಿ ಪೇಪರು ಬಣ್ಣದ್ದಾಯಿತು, ಮೊಬೈಲಿಗೆ ಬಂತು, ಸೊನ್ನೆ ಮಾತ್ರ ಸೊನ್ನೆಯಾಗೇ ಉಳಿಯಿತು.

ಬಾಬಾಸಾಹೇಬರಿಗೆ ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. 1920ರ ಜನವರಿ 31ರಂದು ಅವರು ‘ಮೂಕನಾಯಕ’ ಹೊರಡಿಸಿದರು. ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಅದರ ಜಾಹೀರಾತು ಹಾಕಿಕೊಳ್ಳಲಿಲ್ಲ. ಸುದ್ದಿಯ ಮಾತಿರಲಿ, ಕಾಸು ಕೊಟ್ಟರೂ ಜಾಗ ಸಿಗಲಿಲ್ಲ. ಆಮೇಲೆ 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’. ಬೇರೆಯವರ ಹೊಸ್ತಿಲಲ್ಲಿ ನಿಂತು ಬೇಡುವುದಕ್ಕಿಂತ ನಮ್ಮದೇ ಕಾಗದ ನಮ್ಮದೇ ಮಸಿ ಅಂತ ಅವರು ತೋರಿಸಿದರು. ನೀವು ಇವತ್ತು ಈ ಸಭೆಯಲ್ಲಿ ಕಾಸು ಕೊಟ್ಟು ಕೊಳ್ಳುವ ಈ ಮಸಿ ಮಸಿ ಹಾಳೆಗಳು ಅದೇ ಬಳ್ಳಿಯ ಕಾಯಿ.

ಆದರೆ ಗೆಳೆಯರೇ, ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಮಾತಾಯಿತು. ಉಳಿದರ್ಧಕ್ಕೆ ನಮ್ಮದೇ ಕಥೆ ಹೇಳಬೇಕು. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಮಂದಿ ಗೆಳೆಯರು ಒಂದು ಹಳ್ಳಿಯ ಚಾದಂಗಡಿಯ ಸಂಗತಿ ಬರೆದುಕೊಂಡು ಒಂದು ಪತ್ರಿಕೆಯ ವರದಿಗಾರರ ಹತ್ತಿರ ಹೋದೆವು. ನಮ್ಮ ಕೇರಿಯವರಿಗೆ ಅಲ್ಲಿ ಬೇರೆ ಲೋಟ. ಅವರು ಓದಿದರು. “ಇದು ಎಲ್ಲಾ ಊರಾಗೂ ಐತೆಲ್ಲಪಾ, ಇದರಾಗ ಸುದ್ದಿ ಏನೈತಿ?” ಅಂದರು. ಮತ್ತೊಬ್ಬರ ಹತ್ತಿರ ಹೋದೆವು. ಅವರು ಕಣ್ಣು ದೊಡ್ಡದು ಮಾಡಿ, “ಈಗಿನ ಕಾಲದಾಗ ಇದೆಲ್ಲಿ ಐತಿ? ಪುರಾವೆ ತರ್ರಿ” ಅಂದರು.

ನೋಡಿ ತಮಾಷೆ. ಒಬ್ಬರಿಗೆ ಅದು ಎಲ್ಲಾ ಕಡೆ ಇದೆ, ಅದಕ್ಕೇ ಸುದ್ದಿಯಲ್ಲ. ಇನ್ನೊಬ್ಬರಿಗೆ ಅದು ಎಲ್ಲೂ ಇಲ್ಲ, ಅದಕ್ಕೇ ಸುಳ್ಳು. ಎರಡು ಬಾಗಿಲು, ಎರಡೂ ಮುಚ್ಚಿದ್ದವು. ನಮ್ಮ ಕೈಯಲ್ಲಿದ್ದದ್ದು ಸಿಟ್ಟು ಮಾತ್ರ. ಸಿಟ್ಟು ಸತ್ಯವೇ, ಆದರೆ ಎಷ್ಟು ಊರು, ಎಷ್ಟು ಮನೆ, ಯಾವಾಗಿನಿಂದ ಅಂತ ಕೇಳಿದರೆ ಸಿಟ್ಟಿನ ಬಳಿ ಉತ್ತರ ಇರುವುದಿಲ್ಲ.

ಆಗ ನಾವು ಗ್ರಂಥಾಲಯ ಹೊಕ್ಕೆವು. ಅಲ್ಲಿ ತಿಳಿಯಿತು, ನಾವು ಕೇಳುತ್ತಿದ್ದದ್ದನ್ನು ದೊಡ್ಡ ಪ್ರಮಾಣದಲ್ಲಿ ಕೇಳಿ, ಎಣಿಸಿ, ಅಚ್ಚು ಹಾಕಿಸಿದವರಿದ್ದಾರೆ. ಆ ಪುಸ್ತಕಗಳು ಇಂಗ್ಲಿಷಿನಲ್ಲಿ, ದೊಡ್ಡ ಊರಿನ ಕಪಾಟಿನಲ್ಲಿ ಬೀಗ ಹಾಕಿ ಕೂತಿವೆ. ಪೇಪರಿನವರಿಗೆ ಅವು ಸಿಗುವುದಿಲ್ಲ, ಸಿಕ್ಕರೂ ಓದಲು ಹೊತ್ತಿಲ್ಲ. ಕೇರಿಯವರಿಗಂತೂ ತಮ್ಮನ್ನು ಯಾರೋ ಎಣಿಸಿದ್ದಾರೆ ಅನ್ನುವುದೇ ಗೊತ್ತಿಲ್ಲ. ನಡುವೆ ದಾರಿ ಇಲ್ಲ. ಆ ದಾರಿ ಆಗಬೇಕಾದವರು ಯಾರು? ಒಂದು ಕಾಲು ಕೇರಿಯಲ್ಲಿ, ಒಂದು ಕಾಲು ಕಾಲೇಜಿನಲ್ಲಿ ಇಟ್ಟ ನೀವು.

ಒಂದೆರಡು ಹೇಳುತ್ತೇವೆ ಕೇಳಿ. ಘನಶ್ಯಾಮ್ ಶಾ, ಹರ್ಷ್ ಮಂದರ್, ಸುಖದೇವ್ ಥೋರಟ್, ಸತೀಶ್ ದೇಶಪಾಂಡೆ, ಅಮಿತಾ ಬಾವಿಸ್ಕರ್ ಐವರು ಸೇರಿ ಹಳ್ಳಿಗಳ ಅಸ್ಪೃಶ್ಯತೆಯ ಮೇಲೆ ಒಂದು ಪುಸ್ತಕ ತಂದರು, 2006ರಲ್ಲಿ. 11 ರಾಜ್ಯಗಳ 565 ಹಳ್ಳಿಗಳ ಲೆಕ್ಕ ಅದು. ನೂರಕ್ಕೆ ಸುಮಾರು 38 ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ದಲಿತ ಮಕ್ಕಳನ್ನು ಊಟಕ್ಕೆ ಬೇರೆ ಕೂರಿಸುತ್ತಿದ್ದರು. ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಇಲಾಖೆಯವರು ದಲಿತರ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅರ್ಧದ ಹತ್ತಿರ ಹತ್ತಿರ ಹಳ್ಳಿಗಳಲ್ಲಿ ನೀರಿಗೆ ತಡೆ. ಸುಮಾರು ಕಾಲುಭಾಗ ಹಳ್ಳಿಗಳಲ್ಲಿ ದಲಿತರ ಮನೆಗೆ ಟಪಾಲು ಮುಟ್ಟಿಸುತ್ತಿರಲಿಲ್ಲ. ಟಪಾಲು! ಕಾಗದಕ್ಕೂ ಮೈಲಿಗೆ. ಚಾದಂಗಡಿಯ ಲೋಟ ನಮಗೆ ಗೊತ್ತಿತ್ತು. ಟಪಾಲಿನ ಮಾತು ಹೊಳೆದಿರಲಿಲ್ಲ. ಸಂಶೋಧನೆಯ ಉಪಯೋಗ ಇದೇ. ನಮ್ಮ ಗಾಯ ನಮಗೆ ಗೊತ್ತಿರುತ್ತದೆ, ಎಲ್ಲಿಯವರೆಗೆ ಹಬ್ಬಿದೆ ಅನ್ನುವುದು ಗೊತ್ತಿರುವುದಿಲ್ಲ.

ಇನ್ನೊಂದು, ಇದು ಡಿಗ್ರಿ ಮುಗಿಸಿ ಕೆಲಸ ಹುಡುಕುವ ನಿಮಗೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತುಗಳಿಗೆ ಅರ್ಜಿ ಹಾಕಿಸಿದರು. ಓದು ಒಂದೇ, ಅನುಭವ ಒಂದೇ. ಬೇರೆ ಇದ್ದದ್ದು ಹೆಸರು ಮಾತ್ರ. ಒಂದು ಮೇಲ್ಜಾತಿಯ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. 66 ವಾರ, 548 ಜಾಹೀರಾತು, 4808 ಅರ್ಜಿ. 2007ರಲ್ಲಿ ಫಲಿತಾಂಶ ಅಚ್ಚಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಸಂದರ್ಶನಕ್ಕೆ ಕರೆಯಲೇ ಇಲ್ಲ ಅಂತ ಹಾಸ್ಟೆಲ್ಲಿಗೆ ಬಂದು ಮುಸುಕು ಹೊದ್ದು ಮಲಗುವ ಗೆಳೆಯನಿಗೆ ಇದನ್ನು ಹೇಳಿ. ತಮ್ಮಾ, ನಿನ್ನ ಯೋಗ್ಯತೆ ಕಡಿಮೆಯಾಗಿ ಅಲ್ಲ, ಲಕೋಟೆ ಮೇಲಿನ ಹೆಸರು ಓದಿಯೇ ಬದಿಗಿಟ್ಟಿರಬಹುದು ಅಂತ.

ಆದರೆ ಲೆಕ್ಕ ಅಂದ ಕೂಡಲೇ ಕೈಮುಗಿಯಬೇಡಿ. ಲೆಕ್ಕವೂ ಸುಳ್ಳು ಹೇಳುತ್ತದೆ. ಯಾರು ಎಣಿಸಿದರು, ಯಾರನ್ನು ಕೇಳಿದರು, ಯಾವ ಮಾತಿಗೆ ಏನರ್ಥ ಇಟ್ಟುಕೊಂಡರು, ಎಲ್ಲಾ ಅಲ್ಲೇ ಇದೆ. ಸವಣೂರಿಗೇ ವಾಪಸು ಬರೋಣ.

1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ‘ಬೂಸಾ’ ಎಂಬ ಒಂದು ಮಾತಾಡಿದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು, ನಮ್ಮ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಆ ಏಟಿನ ನೋವಿನಿಂದಲೇ ದಲಿತ ಚಳವಳಿ ಮೈ ಕೊಡವಿ ಎದ್ದದ್ದು. 1993ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದಿತು, ಮಲ ಬಳಿಸುವುದು ಅಪರಾಧ ಅಂತ. ಕಾನೂನು ಬಂದಮೇಲೆ ಏನಾಯಿತು? ಅಧಿಕಾರಿಗಳನ್ನು ಕೇಳಿದರೆ “ನಮ್ಮಲ್ಲಿ ಇಲ್ಲ” ಅನ್ನುವುದು ರೂಢಿಯಾಯಿತು. ಯಾಕೆ? ಇದೆ ಅಂದರೆ ತಾವೇ ಅಪರಾಧಿಗಳಾಗುತ್ತಾರೆ. ಕಳ್ಳನ ಕೈಯಲ್ಲೇ ಕಳವಿನ ಲೆಕ್ಕ ಬರೆಸಿದ ಹಾಗೆ. ಇಲ್ಲ ಇಲ್ಲ ಅನ್ನುತ್ತಿದ್ದ ಹೊತ್ತಿನಲ್ಲೇ ಸವಣೂರಿನವರು ಇದ್ದೇವೆ ಅಂತ ತಲೆ ಮೇಲೆ ಸುರುವಿಕೊಂಡರು.

2011ರ ಜನಗಣತಿಯಲ್ಲಿ ಪ್ರಶ್ನೆ ಬದಲಾಯಿತು. ಅಧಿಕಾರಿಯನ್ನು ಕೇಳಲಿಲ್ಲ, ಮನೆಮನೆಗೆ ಹೋಗಿ ಸಂಡಾಸಿನ ಲೆಕ್ಕ ಬರೆದುಕೊಂಡರು. ಮನುಷ್ಯರ ಕೈಯಿಂದ ಬಳಿಸುವ ಸಂಡಾಸುಗಳು ದೇಶದಲ್ಲಿ 7 ಲಕ್ಷ 94 ಸಾವಿರ ಸಿಕ್ಕವು. ಸಂಡಾಸು ಇದ್ದಮೇಲೆ ಬಳಿಯುವ ಕೈ ಇರಲೇಬೇಕಲ್ಲ? 2013ರಲ್ಲಿ ಹೊಸ ಕಾನೂನು ಬಂತು. 2013ರಲ್ಲಿ, 2018ರಲ್ಲಿ ಮತ್ತೆ ಸರ್ವೆ ಆದವು. ದೇಶದಲ್ಲಿ 58,098 ಮಂದಿ, ನಮ್ಮ ರಾಜ್ಯದಲ್ಲಿ 2,927 ಮಂದಿ ಅಂತ ಸಂಸತ್ತಿನಲ್ಲಿ ಹೇಳಿದರು. ಇಲ್ಲ ಅಂದಿದ್ದ ಬಾಯಿಂದಲೇ ಈ ಸಂಖ್ಯೆ ಬಂತು.

ಇನ್ನೂ ಒಂದು ಚಮತ್ಕಾರ ನೋಡಿ. 2021ರಲ್ಲಿ ಸಂಸತ್ತಿನಲ್ಲಿ ಕೇಳಿದರು, ಮಲ ಬಳಿಯುವ ಕೆಲಸದಲ್ಲಿ ಎಷ್ಟು ಮಂದಿ ಸತ್ತರು ಅಂತ. ಯಾರೂ ಸತ್ತ ವರದಿಯಿಲ್ಲ ಅಂತ ಉತ್ತರ. ಕೆಲವೇ ದಿನಗಳಲ್ಲಿ ಇನ್ನೊಂದು ಉತ್ತರ ಬಂತು, ಒಳಚರಂಡಿ ಮತ್ತು ಶೌಚಗುಂಡಿ ಬಳಿಯುವಾಗ 941 ಮಂದಿ ಸತ್ತಿದ್ದಾರೆ ಅಂತ. ಎರಡೂ ಸರ್ಕಾರದ್ದೇ ಉತ್ತರ. ಗುಂಡಿಗಿಳಿದು ಸತ್ತವನನ್ನು ಒಂದು ಶಬ್ದದಿಂದ ಕರೆದರೆ ಅವನು ಸತ್ತಿಲ್ಲ, ಇನ್ನೊಂದು ಶಬ್ದದಿಂದ ಕರೆದರೆ ಸತ್ತಿದ್ದಾನೆ. ಅವನ ಹೆಂಡತಿಗೆ ಮಾತ್ರ ಎರಡೂ ಒಂದೇ. ಪೇಪರಿನವರು ಮೊದಲ ಉತ್ತರವನ್ನಷ್ಟೇ ಬರೆದು ಕೈತೊಳೆದುಕೊಂಡರೆ ಓದುಗರಿಗೆ ಸಿಗುವುದು ಸೊನ್ನೆ. ಅದಕ್ಕೇ ಹೇಳುತ್ತೇವೆ, ಸಂಖ್ಯೆ ಕಂಡರೆ ಅದರ ಹಿಂದಿನ ಶಬ್ದವನ್ನು ಕೇಳಿ. ಕವಿತೆ ಓದುವವರಿಗೆ ಇದು ಕಷ್ಟವಾಗಬಾರದು.

ಸುಪ್ರೀಂ ಕೋರ್ಟು 2014ರಲ್ಲಿ ಹೀಗೆ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಬೇಕು ಅಂದಿತು. 2023ರಲ್ಲಿ 30 ಲಕ್ಷ ಅಂದಿತು. ಇದೂ ಮನೆ ಮುಟ್ಟಬೇಕಾದರೆ ಸತ್ತವನು ಮೊದಲು ಲೆಕ್ಕಕ್ಕೆ ಸೇರಬೇಕು.

ಇಷ್ಟು ತಿಳಿದುಕೊಂಡು ನಾವು ದೊಡ್ಡ ಪಂಡಿತರಂತೆ ಮತ್ತೆ ಆ ಹಳ್ಳಿಗೆ ಹೋದೆವು. ನೋಟ್‌ಬುಕ್ಕು, ಪ್ರಶ್ನೆಗಳ ಪಟ್ಟಿ, ಎಲ್ಲಾ ತಯಾರು. ಮೊದಲ ಪ್ರಶ್ನೆ: ಚಾದಂಗಡಿಯಲ್ಲಿ ಬೇರೆ ಲೋಟ ಇದೆಯೇ? ಎಲ್ಲರೂ ಇಲ್ಲ ಅಂದರು. ನಾವು ಪೆಚ್ಚಾದೆವು. ಆಮೇಲೆ ತಿಳಿಯಿತು, ಅಷ್ಟರಲ್ಲಿ ಅಂಗಡಿಗೆ ಕಾಗದದ ಕಪ್ಪು ಬಂದಿತ್ತು. ಎಲ್ಲರಿಗೂ ಒಂದೇ ಕಪ್ಪು, ಕುಡಿದು ಬಿಸಾಕುವುದು. ಆಹಾ, ಸಮಾನತೆ ಬಂದೇಬಿಟ್ಟಿತು! ಕೇರಿಯ ಒಬ್ಬ ಹುಡುಗ ನಮ್ಮ ಪಟ್ಟಿ ನೋಡಿ ನಕ್ಕ. “ಅಣ್ಣಾರ, ಲೋಟ ಕೇಳಬ್ಯಾಡ್ರಿ. ಎಲ್ಲಿ ಕುಂತು ಕುಡೀತೀರಿ ಅಂತ ಕೇಳ್ರಿ” ಅಂದ. ಕೇಳಿದೆವು. ಅಂಗಡಿಯ ಬೆಂಚಿನ ಮೇಲೆ ಕೂತು ಚಾ ಕುಡಿದ ಒಬ್ಬರೂ ಆ ಕೇರಿಯಲ್ಲಿ ಸಿಗಲಿಲ್ಲ. ಜಾತಿ ಲೋಟ ಬಿಟ್ಟು ಬೆಂಚಿಗೆ ಹೋಗಿ ಕೂತಿತ್ತು. ನಾವು ಹಳೇ ಪ್ರಶ್ನೆ ಹಿಡಿದುಕೊಂಡು ಲೋಟದೊಳಗೆ ಹುಡುಕುತ್ತಿದ್ದೆವು. ದೊಡ್ಡ ದೊಡ್ಡ ಸಂಶೋಧಕರಿಗೂ ಹೊಳೆಯದ ಪ್ರಶ್ನೆ ಕೇರಿಯ ಹುಡುಗನಿಗೆ ಹೊಳೆಯುತ್ತದೆ. ನಿಮಗೂ ಹೊಳೆಯುತ್ತದೆ. ಅದು ನಿಮ್ಮ ಬಂಡವಾಳ.

ಇನ್ನು ನಮ್ಮ ತಪ್ಪಿನ ಮಾತು. ಆ ಕೇರಿಯಲ್ಲಿ ಒಬ್ಬ ಅವ್ವ ಬಾಯಿ ತುಂಬ ಮಾತಾಡಿದರು. ಹೊಲದ ಕೆಲಸ, ಕೂಲಿ, ನೀರು ಕೊಡುವ ರೀತಿ, ಎಲ್ಲ ಹೇಳಿದರು. ನಾವು ಹೆಸರು ಬರೆದುಕೊಂಡೆವು, ಫೋಟೋ ತೆಗೆದೆವು. ನಮ್ಮಲ್ಲೊಬ್ಬರು ಹುರುಪಿನಲ್ಲಿ ಆ ಫೋಟೋ, ಆ ಮಾತು, ಆ ಹೆಸರನ್ನು ಸಂಜೆಗೆಲ್ಲ ವಾಟ್ಸಾಪಿನಲ್ಲಿ ಹಾಕಿದರು. ಎಷ್ಟು ಮಂದಿ ಮೆಚ್ಚಿದರು! ಎರಡು ದಿನಕ್ಕೆ ಆ ಫೋಟೋ ಸುತ್ತಿ ಸುತ್ತಿ ಅದೇ ಊರಿಗೆ ಬಂತು. ಮಾರನೇ ದಿನದಿಂದ ಆ ಅವ್ವನಿಗೆ ಹೊಲದಲ್ಲಿ ಕೂಲಿ ಇಲ್ಲ. ಅವರೊಬ್ಬರಿಗಲ್ಲ, ಅವರ ಜೊತೆ ಹೋಗುತ್ತಿದ್ದ ಹೆಂಗಸರಿಗೂ ಇಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. “ಈ ವಾರ ಕೆಲಸ ಇಲ್ಲ” ಅಂದರು, ಅಷ್ಟೇ. ಇದು ಘಟನೆಯಲ್ಲ ನೋಡಿ, ಇದರ ಸುದ್ದಿ ಯಾವ ಪೇಪರಿನಲ್ಲಿ ಬರುತ್ತದೆ?

ನಾವು ಓಡಿಹೋಗಿ ಕ್ಷಮೆ ಕೇಳಿದೆವು. ಅವ್ವ ಒಲೆ ಮುಂದೆ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಅಂದ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ. “ಯಪ್ಪಾ, ನೀವು ಬರಕೊಂಡು ಸಂಜೀ ಬಸ್ಸಿಗೆ ಹೋಗ್ತೀರಿ. ನಾವು ನಾಳೆ ಅದ ಹೊಲಕ್ಕ ಹೋಗಬೇಕು. ನನ್ನ ಹೆಸರು ಯಾಕ ಬೇಕಿತ್ತು ನಿಮಗ? ಓಣಿ ಮಂದಿ ಎಲ್ಲಾ ಹಿಂಗ ಅಂತಾರ ಅಂತ ಬರದಿದ್ರ ಯಾರನ್ನ ಹಿಡೀತಿದ್ರು?”

ಗೆಳೆಯರೇ, ಸಂಶೋಧನೆ ಯಾಕೆ ಬೇಕು ಅಂತ ನಾವು ಎಷ್ಟೋ ಪುಸ್ತಕ ತಿರುವಿದ್ದೆವು. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಹೆಸರು ಒಬ್ಬರನ್ನು ಹಿಡಿದುಕೊಡುತ್ತದೆ. ಲೆಕ್ಕ ಎಲ್ಲರನ್ನೂ ಬೆನ್ನ ಹಿಂದೆ ನಿಲ್ಲಿಸಿಕೊಂಡು ಸತ್ಯ ಹೇಳುತ್ತದೆ. ಓಣಿಯ ಅಷ್ಟೂ ಮನೆ ಇದನ್ನೇ ಹೇಳುತ್ತವೆ ಅಂತ ಬರೆದರೆ ಊರಗೌಡ ಯಾರ ಕೂಲಿ ನಿಲ್ಲಿಸುತ್ತಾನೆ? ಎಲ್ಲರ ಕೂಲಿ ನಿಲ್ಲಿಸಿದರೆ ಅವನ ಹೊಲ ಬೀಳುಬೀಳುತ್ತದೆ. ಸವಣೂರಿನವರ ಬಳಿ ಅಂಥ ಲೆಕ್ಕ ಇರಲಿಲ್ಲ. ಯಾರೂ ಅವರನ್ನು ಎಣಿಸಿರಲಿಲ್ಲ. ಅದಕ್ಕೇ ಅವರು ತಮ್ಮ ಮುಖವನ್ನೇ, ತಮ್ಮ ಮೈಯನ್ನೇ ಪುರಾವೆ ಮಾಡಿ ಬೀದಿಗೆ ಇಡಬೇಕಾಯಿತು. ಎಣಿಸದ ಜನ ತಮ್ಮ ಮಾನವನ್ನೇ ಪಣ ಇಟ್ಟು ಲೆಕ್ಕಕ್ಕೆ ಬರಬೇಕಾಗುತ್ತದೆ.

ಎಣಿಸುವುದು ನಮಗೆ ಹೊಸದೂ ಅಲ್ಲ. ಬಾಬಾಸಾಹೇಬರು ಮೊದಲು ಅರ್ಥಶಾಸ್ತ್ರ ಓದಿದವರು. 1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿ ತಿಳಿಯಲು ಸ್ಟಾರ್ಟೆ ಸಮಿತಿ ಮಾಡಿದಾಗ ಅವರು ಅದರ ಸದಸ್ಯರಾಗಿದ್ದರು. 1930ರಲ್ಲಿ ವರದಿ ಬಂತು. ಆಗ ನಮ್ಮ ಶಿಗ್ಗಾಂವ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಶಾಲೆಯಲ್ಲಿ ಮಕ್ಕಳನ್ನು ಎಲ್ಲಿ ಕೂರಿಸುತ್ತಾರೆ, ಬಾವಿಯಲ್ಲಿ ನೀರು ಸೇದಲು ಬಿಡುತ್ತಾರೋ ಇಲ್ಲವೋ ಅಂತ ಕೇಳಿದ ಸಮಿತಿ ಅದು. ಅದೇ ಹೊತ್ತಿನಲ್ಲಿ ಅವರು ಕಟ್ಟಿದ ಸಂಸ್ಥೆ ನಡೆಸಿದ ಹಾಸ್ಟೆಲ್ಲುಗಳಲ್ಲಿ ಒಂದು ಧಾರವಾಡದಲ್ಲಿತ್ತು. ನೀವು ಮಲಗುವ ಟ್ರಂಕು-ಚಾಪೆಯ ಈ ಕೋಣೆಗಳ ಬೇರು ಅಲ್ಲಿದೆ. ಅವರು ಎಣಿಸಿದರು, ಅದಕ್ಕೇ ನಾವು ಓದಿದೆವು.

ಹಾಗಾದರೆ ನಾವು ಮಾಡುವುದೇನು? ಹೇಳುತ್ತೇವೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ನಿಮ್ಮ ಹಾಸ್ಟೆಲ್ಲಿನಿಂದಲೇ ಶುರು ಮಾಡಿ. ಎಷ್ಟು ಹುಡುಗರು, ಎಷ್ಟು ಸಂಡಾಸು, ತಿಂಗಳಲ್ಲಿ ಎಷ್ಟು ದಿನ ನೀರಿಲ್ಲ, ವಿದ್ಯಾರ್ಥಿವೇತನ ಯಾವ ತಿಂಗಳು ಬರಬೇಕು, ಯಾವ ತಿಂಗಳು ಬಂತು. ಮೂರು ತಿಂಗಳು ಬರೆದಿಡಿ, ತಾರೀಖು ಹಾಕಿ. ‘ಹಾಸ್ಟೆಲ್ಲಿನಲ್ಲಿ ಅವ್ಯವಸ್ಥೆ’ ಅಂತ ಕೂಗಿದರೆ ಪೇಪರಿನವರು ಒಂದು ಮೂಲೆಯಲ್ಲಿ ಎರಡು ಸಾಲು ಹಾಕುತ್ತಾರೆ. ತಾರೀಖಿನ ಸಮೇತ ಒಂದು ಹಾಳೆ ಕೊಟ್ಟರೆ ಅವರು ವಾರ್ಡನ್ನರನ್ನು ಕೇಳಲೇಬೇಕಾಗುತ್ತದೆ, ಇಲಾಖೆ ಉತ್ತರ ಕೊಡಲೇಬೇಕಾಗುತ್ತದೆ.

ಆಮೇಲೆ ದುಡ್ಡಿನ ಲೆಕ್ಕ. ನಮ್ಮ ರಾಜ್ಯದಲ್ಲಿ 2013ರಲ್ಲಿ ಒಂದು ಕಾನೂನು ಆಯಿತು. ಪರಿಶಿಷ್ಟ ಜಾತಿ, ಪಂಗಡದ ಜನಸಂಖ್ಯೆ ನೂರಕ್ಕೆ 24.1 ಇದ್ದರೆ ಅಭಿವೃದ್ಧಿಯ ದುಡ್ಡಿನಲ್ಲೂ ಅಷ್ಟು ಪಾಲು ಅವರಿಗೆ ಇಡಬೇಕು ಅಂತ. ಅದರಲ್ಲಿ 7ಡಿ ಅನ್ನುವ ಒಂದು ಕಿಂಡಿ ಇತ್ತು. ಎಲ್ಲರೂ ಓಡಾಡುವ ರಸ್ತೆ, ಸೇತುವೆಗೆ ಖರ್ಚು ಮಾಡಿದ್ದನ್ನೂ ದಲಿತರಿಗೇ ಮಾಡಿದ್ದು ಅಂತ ಬರೆಯಬಹುದಿತ್ತು. ಹೋರಾಟ ಆಗಿ 2023ರಲ್ಲಿ ಆ ಕಿಂಡಿ ಮುಚ್ಚಿದರು. ಆದರೆ ಈ ದುಡ್ಡನ್ನು ಎಲ್ಲರಿಗೂ ಸೇರಿದ ಯೋಜನೆಗಳಿಗೆ ತಿರುಗಿಸುವ ಜಗಳ ಮುಗಿದಿಲ್ಲ. ನಿಮ್ಮ ಊರ ಕೇರಿಗೆ ಎಷ್ಟು ಬಂತು, ಯಾವ ಕೆಲಸ ಆಯಿತು, ಆ ಕೆಲಸ ಕೇರಿಯಲ್ಲೇ ಆಯಿತೋ ಊರೊಳಗೆ ಆಯಿತೋ ನೋಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಪ್ರೇಮಪತ್ರಕ್ಕೆ ನೀವು ಅದಕ್ಕಿಂತ ಹೆಚ್ಚು ಶಬ್ದ ಖರ್ಚು ಮಾಡುತ್ತೀರಿ.

ನಿಮ್ಮ ಪಟ್ಟಣದಲ್ಲಿ ಯಾರಾದರೂ ಇನ್ನೂ ಕೈಯಿಂದ ಮಲ ಬಳಿಯುತ್ತಿದ್ದರೆ ಅವರಿಗೊಂದು ಮಾತು ತಿಳಿಸಿ. 2013ರ ಕಾನೂನಿನಲ್ಲಿ ಸರ್ವೆಯವರು ಬರಲಿ ಅಂತ ಕಾಯಬೇಕಿಲ್ಲ. ತಾವೇ ಪುರಸಭೆಗೆ ಅರ್ಜಿ ಕೊಡಬಹುದು, ಸರ್ವೆ ಮುಗಿದಮೇಲೂ ಕೊಡಬಹುದು. ಆ ಅರ್ಜಿ ಬರೆದುಕೊಡುವ ಅಕ್ಷರ ನಿಮ್ಮ ಕೈಯಲ್ಲಿದೆ.

ವರದಿ ಬೇರೆ, ತೀರ್ಮಾನ ಬೇರೆ ಅನ್ನುವುದನ್ನೂ ಮರೆಯಬೇಡಿ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ನಮ್ಮ ರಾಜ್ಯದ 101 ಪರಿಶಿಷ್ಟ ಜಾತಿಗಳ ಮನೆಮನೆ ಲೆಕ್ಕ ತೆಗೆಯಿತು. ಆಗಸ್ಟ್ 4ರಂದು ವರದಿ ಕೊಟ್ಟಿತು. ತೀರಾ ಸಣ್ಣ, ಅಲೆಮಾರಿ ಜಾತಿಗಳಿಗೆ ಬೇರೆಯೇ ಒಂದು ಪಾಲು ಇಡಿ ಅಂದಿತ್ತು. ಅದೇ ತಿಂಗಳು ಸಂಪುಟ ಒಳಮೀಸಲಾತಿಯನ್ನು 6, 6, 5 ಅಂತ ಮೂರು ಪಾಲು ಮಾಡಿತು. ಅಲೆಮಾರಿಗಳನ್ನು ದೊಡ್ಡ ಜಾತಿಗಳ ಜೊತೆ ಕೊನೆಯ ಪಾಲಿನಲ್ಲಿ ಕೂರಿಸಿತು. ಅವರು ಬೀದಿಗಿಳಿದರು. ಎಣಿಸಿದ ಮಾತ್ರಕ್ಕೆ ಸಿಗುವುದಿಲ್ಲ. ಆದರೆ ಎಣಿಸಿದ್ದರಿಂದಲೇ ಅವರಿಗೆ ಕೇಳುವ ಬಾಯಿ ಬಂತು. ತೀರ್ಮಾನದ ಸುದ್ದಿ ಓದಿ ವರದಿ ಓದಿದೆವು ಅಂದುಕೊಳ್ಳಬೇಡಿ.

ಕೊನೆಗೆ, ಪೇಪರಿನವರೆಲ್ಲ ವೈರಿಗಳಲ್ಲ. ತಾಲೂಕಿನ ವರದಿಗಾರ ಸ್ಕೂಟರಿನ ಪೆಟ್ರೋಲಿಗೂ ಪರದಾಡುವವನು. ಅವನಿಗೆ ಭಾಷಣ ಬೇಡ. ಒಂದು ಹಾಳೆ ಕೊಡಿ. ಮೇಲೆ ಊರಿನ ಪ್ರಶ್ನೆ, ನಡುವೆ ನಿಮ್ಮ ಲೆಕ್ಕ, ಯಾರನ್ನು ಹೇಗೆ ಕೇಳಿದಿರಿ ಅನ್ನುವ ವಿವರ, ಕೆಳಗೆ ದೊಡ್ಡ ಸಂಶೋಧನೆ ಇದರ ಬಗ್ಗೆ ಏನು ಹೇಳುತ್ತದೆ ಅನ್ನುವ ಎರಡು ಸಾಲು. ನಿಮ್ಮ ಲೆಕ್ಕ ನಿಮ್ಮ ವಾದಕ್ಕೆ ವಿರುದ್ಧ ಬಂದರೆ ಅದನ್ನೂ ಬರೆಯಿರಿ. ಇಲ್ಲದ್ದನ್ನು ಇದೆ ಅಂದರೆ ಇರುವುದನ್ನೂ ನಂಬುವುದಿಲ್ಲ. ಕೇರಿಯವರ ಹೆಸರು ಮಾತ್ರ, ಅವರಾಗಿ ಹಾಕಿ ಅನ್ನುವವರೆಗೂ, ನಿಮ್ಮ ಎದೆಯಲ್ಲೇ ಇರಲಿ. ಅವನು ಹಾಕದಿದ್ದರೆ ನಾವು ಇಲ್ಲಿ ಹಾಕುತ್ತೇವೆ. ಮತ್ತೆ ನಿಮ್ಮಲ್ಲಿ ನಾಲ್ಕು ಮಂದಿ ಆ ಪತ್ರಿಕೆಗಳ ಒಳಗೇ ಹೋಗಿ ಕೂರಬೇಕು. ಆ ಸೊನ್ನೆಯನ್ನು ಅಳಿಸಬೇಕಾದವರು ನೀವು.

ಕನಕ ಹುಟ್ಟಿದ ಬಾಡ ಇದೇ ತಾಲೂಕು. ಷರೀಫರ ಶಿಶುನಾಳ ಇದೇ ತಾಲೂಕು. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾಡು ಕಟ್ಟುವ ನೆಲ ಇದು. ಹಾಡಿನ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವೂ ಇರಲಿ ಅಂತ ನಮ್ಮ ಆಸೆ.

ಆ ಅವ್ವನಿಗೆ ಕೆಲವು ವಾರದ ಮೇಲೆ ಮತ್ತೆ ಕೂಲಿ ಸಿಕ್ಕಿತು. ಹೊಲಕ್ಕೆ ಕೈ ಬೇಕಾಗಿತ್ತು, ಕರೆದರು. ಆ ವಾರಗಳ ಕೂಲಿ ಮಾತ್ರ ಯಾರೂ ತುಂಬಿಕೊಡಲಿಲ್ಲ. ಅದು ನಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬಾಕಿ ಅಂತ ಬರೆದಿದೆ. ಆ ಸಾಲವನ್ನು ನಾವು ನೀವು ಸೇರಿ ತೀರಿಸಬೇಕು. ಇನ್ನೊಂದು ಊರಿನಲ್ಲಿ ಇನ್ನೊಬ್ಬರು ತಲೆ ಮೇಲೆ ಸುರುವಿಕೊಳ್ಳುವ ಮೊದಲೇ ಅವರ ಮಾತು ಅಚ್ಚಾಗಬೇಕು.

ಜೈಭೀಮ್.